ಉಬ್ಬಿದ ಡಬ್ಬಿಗಳು

ಪೂರ್ತಿ ಕೆಟ್ಟುಹೋದ ಕಂಪ್ಯೂಟರನ್ನು ರಿಪೇರಿ ಮಾಡುವುದು ಅಷ್ಟೇನೂ ಕಷ್ಟವಲ್ಲ. ಕರೆಂಟು ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂದು ನೋಡುತ್ತ ಹೋದರೆ ಕೆಟ್ಟ ಭಾಗ ಸಿಕ್ಕೇ ಸಿಗುತ್ತದೆ. ರಿಪೇರಿಯವರ ನಿದ್ದೆ ಕೆಡಿಸುವುದು ಬೇರೆಯದೇ ಕಾಯಿಲೆ. ಬೆಳಗ್ಗೆ ಚೆನ್ನಾಗಿ ಓಡಿದ ಯಂತ್ರ ಮಧ್ಯಾಹ್ನ ಇದ್ದಕ್ಕಿದ್ದಂತೆ ಪರದೆ ಕಪ್ಪಾಗಿ, ಬೀಪ್ ಎಂದು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆಮೇಲೆ ಗಂಟೆಗಟ್ಟಲೆ ಏನೂ ಇಲ್ಲ. ಮತ್ತೆ ಒಂದೇ ಸಮನೆ ನಾಲ್ಕೈದು ಸಲ. ಅಂಗಡಿಗೆ ಹೊತ್ತುಕೊಂಡು ಹೋದರೆ ಅಲ್ಲಿ ಇಡೀ ದಿನ ತಕರಾರಿಲ್ಲದೆ ಓಡುತ್ತದೆ. ಹೀಗೆ ತಾನಾಗಿ ರೀಸ್ಟಾರ್ಟ್ ಆಗುವ ಯಂತ್ರದ ದೊಡ್ಡ ತೊಂದರೆ ಎಂದರೆ, ಆ ಕ್ಷಣದಲ್ಲಿ ರ‍್ಯಾಮ್‌ನಲ್ಲಿ ಇದ್ದದ್ದೆಲ್ಲ ಹೋಗಿಬಿಡುತ್ತದೆ. ಏನಾಯಿತು ಎಂದು ಹೇಳಬೇಕಾದ ಸಾಕ್ಷಿಯೂ ಅದರ ಜೊತೆಗೇ ಅಳಿಸಿಹೋಗುತ್ತದೆ.

2000ದ ದಶಕದ ಮೊದಲ ವರ್ಷಗಳಲ್ಲಿ ಈ ಕಾಯಿಲೆ ದೇಶದೇಶಗಳಲ್ಲಿ ಕಾಣಿಸಿಕೊಂಡಿತು. ಹಳೆಯ ಯಂತ್ರಗಳಿಗಲ್ಲ, ಕೊಂಡು ಒಂದೆರಡು ವರ್ಷವೂ ಆಗದ ಯಂತ್ರಗಳಿಗೆ. ಅದರ ಬೇರು ಬೆರಳಿನ ತುದಿಯಷ್ಟು ದಪ್ಪದ ಅಲ್ಯೂಮಿನಿಯಂ ಡಬ್ಬಿಯೊಳಗಿನ ಒಂದಿಷ್ಟು ನೀರಿನಲ್ಲಿತ್ತು. ಅದು ಗೊತ್ತಾಗುತ್ತ ಹೋದ ಬಗೆ ನನಗೆ ಬಹಳ ಮೆಚ್ಚಿನ ಕತೆ. ಯಾಕೆಂದರೆ ಇದರಲ್ಲಿ ಒಬ್ಬ ಮಹಾ ಸಂಶೋಧಕ ಇಲ್ಲ. ರಿಪೇರಿಯವನೊಬ್ಬ ಕಣ್ಣಿನಿಂದ ನೋಡಿದ, ಪತ್ರಕರ್ತರು ಕೆದಕಿದರು, ಪ್ರಯೋಗಾಲಯದವರು ಡಬ್ಬಿ ಬಿಚ್ಚಿದರು, ಕೊನೆಗೆ ಒಂದು ಕೋರ್ಟ್ ಕೇಸು ಕಾಗದಪತ್ರಗಳನ್ನು ಹೊರಗೆಳೆಯಿತು.

ಮೊದಲು, ಯಾರಿಗೂ ಆ ಡಬ್ಬಿಯ ಮೇಲೆ ಅನುಮಾನ ಬರದಿದ್ದದ್ದು ಯಾಕೆ ಎಂದು ಹೇಳಬೇಕು.

ಆ ಕಾಲದಲ್ಲಿ ನಮ್ಮ ಮನೆಗಳ ಕಂಪ್ಯೂಟರುಗಳಲ್ಲಿ ಬಹುಪಾಲು ಅಸೆಂಬಲ್ ಮಾಡಿಸಿದವು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬೋರ್ಡ್ ಒಂದು ಕಡೆ, ಹಾರ್ಡ್ ಡಿಸ್ಕ್ ಇನ್ನೊಂದು ಕಡೆ ಕೊಂಡು, ಕ್ಯಾಬಿನೆಟ್ಟಿಗೆ ಜೋಡಿಸಿಕೊಂಡು ಊರಿಗೆ ಒಯ್ಯುತ್ತಿದ್ದರು. ಯಂತ್ರ ರೀಸ್ಟಾರ್ಟ್ ಆಗತೊಡಗಿದರೆ ಮಾಡುವ ಉಪಚಾರಕ್ಕೆ ಒಂದು ಕ್ರಮವಿತ್ತು. ರ‍್ಯಾಮ್ ಕಿತ್ತು ಅದರ ಹಿತ್ತಾಳೆ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು. ಪ್ರೊಸೆಸರ್ ಫ್ಯಾನಿನ ಧೂಳು ಊದಿ ಹೊಸ ಪೇಸ್ಟ್ ಹಚ್ಚುವುದು. ಯಂತ್ರಕ್ಕೆ ಕರೆಂಟು ಒದಗಿಸುವ ಪೆಟ್ಟಿಗೆ, ಎಸ್‌ಎಂಪಿಎಸ್ ಅನ್ನು ಬದಲಾಯಿಸುವುದು. ಮನೆಯ ಅರ್ತಿಂಗ್ ನೋಡಿಸುವುದು. ಇಷ್ಟಕ್ಕೂ ಬಗ್ಗದಿದ್ದರೆ ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹೊಸದಾಗಿ ಹಾಕುವುದು. ಇವು ಯಾವುವೂ ದಡ್ಡತನದ ಕೆಲಸಗಳಲ್ಲ. ಹತ್ತರಲ್ಲಿ ಹಲವು ಸಲ ಇವುಗಳಿಂದಲೇ ಗುಣವಾಗುತ್ತಿತ್ತು, ಈಗಲೂ ಆಗುತ್ತದೆ. ಗುಣವಾಗದ ಯಂತ್ರಗಳ ವಿಷಯದಲ್ಲಿ ಮಾತ್ರ ರಿಪೇರಿಯವರ ತೀರ್ಪು ಒಂದೇ: “ಬೋರ್ಡ್ ಹೋಗಿದೆ ಸರ್, ಹೊಸದು ಹಾಕಿಸಿಬಿಡಿ.”

ಇದರ ಮೇಲೆ ವಿಂಡೋಸ್ ಎಕ್ಸ್‌ಪಿಯ ಒಂದು ಗುಣ ಸೇರಿಕೊಂಡಿತು. 2001ರ ಅಕ್ಟೋಬರಿನಲ್ಲಿ ಬಂದ ಎಕ್ಸ್‌ಪಿ, ಒಳಗೆ ದೊಡ್ಡ ಎಡವಟ್ಟಾದರೆ ನೀಲಿ ಪರದೆಯನ್ನು ತೋರಿಸಿ ನಿಲ್ಲುವ ಬದಲು ತಾನೇ ರೀಸ್ಟಾರ್ಟ್ ಮಾಡಿಕೊಳ್ಳುವಂತೆ ಮೊದಲೇ ಹೊಂದಿಸಿಟ್ಟದ್ದು. ಮನೆಯವರಿಗೆ ಹೆದರಿಕೆಯಾಗದಿರಲಿ ಎಂಬ ಉದ್ದೇಶ ಒಳ್ಳೆಯದೇ ಇರಬಹುದು. ಅದರಿಂದಾಗಿ ಡ್ರೈವರ್ ತಪ್ಪಾದರೂ, ರ‍್ಯಾಮ್ ತಪ್ಪಾದರೂ, ಕರೆಂಟು ತಪ್ಪಾದರೂ ಹೊರಗೆ ಕಾಣುವುದು ಒಂದೇ ಲಕ್ಷಣವಾಯಿತು. ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಅಡ್ವಾನ್ಸ್ಡ್, ಸ್ಟಾರ್ಟಪ್ ಅಂಡ್ ರಿಕವರಿಗೆ ಹೋಗಿ ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಎಂಬಲ್ಲಿ ಇರುವ ಟಿಕ್ ತೆಗೆದರೆ ಅರ್ಧ ಕತ್ತಲೆ ಸರಿಯುತ್ತಿತ್ತು. ಆಮೇಲೂ ನೀಲಿ ಪರದೆ ಕಾಣದೆ ಯಂತ್ರ ತಟ್ಟನೆ ಆರಿ ಹತ್ತಿಕೊಂಡರೆ, ವಿಂಡೋಸಿಗೆ ಮಾತಾಡಲು ಸಮಯವೇ ಸಿಕ್ಕಿಲ್ಲ ಎಂದು ಅರ್ಥ. ಆಗ ಹುಡುಕಬೇಕಾದದ್ದು ಕರೆಂಟಿನ ದಾರಿಯಲ್ಲಿ. ತಾನಾಗಿ ರೀಸ್ಟಾರ್ಟ್ ಆಗುವ ಯಾವ ಯಂತ್ರಕ್ಕೂ ಇದಕ್ಕಿಂತ ಒಳ್ಳೆಯ ಮೊದಲ ಪರೀಕ್ಷೆ ನನಗೆ ಕಂಡಿಲ್ಲ. ಖರ್ಚಿಲ್ಲ, ಸ್ಕ್ರೂಡ್ರೈವರೂ ಬೇಡ.

ಕೆಪಾಸಿಟರ್ ಎಂಬ ಆ ಡಬ್ಬಿಗಳ ಸುದ್ದಿ ಮೊದಲು ಹೊರಬಿದ್ದದ್ದು 2002ರಲ್ಲಿ. ಬಿಡಿಭಾಗಗಳ ಉದ್ಯಮದವರೇ ಓದುವ ‘ಪ್ಯಾಸಿವ್ ಕಾಂಪೊನೆಂಟ್ ಇಂಡಸ್ಟ್ರಿ’ ಎಂಬ ಪತ್ರಿಕೆ, ತೈವಾನಿನಲ್ಲಿ ತಯಾರಾದ ಕೆಲವು ಕೆಪಾಸಿಟರುಗಳು ಅಕಾಲದಲ್ಲಿ ಸಾಯುತ್ತಿವೆ ಎಂದು ಆ ವರ್ಷದ ಸೆಪ್ಟೆಂಬರಿನ ಹೊತ್ತಿಗೆ ಬರೆಯಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅಮೆರಿಕದ ಕಂಪ್ಯೂಟರ್ ರಿಪೇರಿಗಾರ ಕ್ಯಾರಿ ಹೋಲ್ಜ್‌ಮನ್, ತನ್ನ ಬಳಿ ಬಂದ ಬೋರ್ಡುಗಳಲ್ಲಿ ಕಂಡ ಸೋರುವ ಕೆಪಾಸಿಟರುಗಳ ವಿಷಯ ಬರೆದು ಪ್ರಕಟಿಸಿದ. 2003ರ ಫೆಬ್ರವರಿಯಲ್ಲಿ ‘ಐಇಇಇ ಸ್ಪೆಕ್ಟ್ರಮ್’ ನಿಯತಕಾಲಿಕ ಈ ಎಳೆಗಳನ್ನು ಸೇರಿಸಿ ವರದಿ ಮಾಡಿತು. ತೈವಾನಿನ ಬೋರ್ಡ್ ತಯಾರಕ ಅಬಿಟ್ ಕಂಪನಿ ತನ್ನ ಬೋರ್ಡುಗಳಲ್ಲಿ ಈ ತೊಂದರೆ ಇದೆಯೆಂದು ಬಹಿರಂಗವಾಗಿ ಒಪ್ಪಿಕೊಂಡಿತು. ಹಾಗೆ ಒಪ್ಪಿಕೊಳ್ಳುವುದು ಆ ದಿನಗಳಲ್ಲಿ ಸಣ್ಣ ಮಾತಾಗಿರಲಿಲ್ಲ.

ಹೋಲ್ಜ್‌ಮನ್ ನೋಡಿದ್ದನ್ನು ಯಾರು ಬೇಕಾದರೂ ನೋಡಬಹುದಿತ್ತು. ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದರೆ, ಪ್ರೊಸೆಸರಿನ ಸುತ್ತ ಸಾಲಾಗಿ ನಿಂತ ಡಬ್ಬಿಗಳು ಕಾಣುತ್ತವೆ. ಮೈಗೆ ಪ್ಲಾಸ್ಟಿಕ್ ಹೊದಿಕೆ, ಅದರ ಒಂದು ಬದಿಗೆ ಮೈನಸ್ ಗುರುತಿನ ಪಟ್ಟಿ. ತಲೆ ಬೋಳು, ಬೆಳ್ಳಿ ಬಣ್ಣ. ಆ ತಲೆಯ ಮೇಲೆ ಚೂಪಾದ ಮೊನೆಯಿಂದ ಗೀರಿದಂತೆ ಇಂಗ್ಲಿಷಿನ ‘ಕೆ’ ಅಕ್ಷರದ ಅಥವಾ ಕೂಡು ಚಿಹ್ನೆಯ ಆಕಾರದ ಗೆರೆ. ಒಳಗೆ ಒತ್ತಡ ಹೆಚ್ಚಿದರೆ ಡಬ್ಬಿ ಪಟಾಕಿಯಾಗದೆ ಆ ಗೆರೆಯಲ್ಲಿ ಬಿರಿಯಲಿ ಎಂದು ತಯಾರಕರೇ ಮಾಡಿಟ್ಟ ಬಾಗಿಲು ಅದು. ಒಳ್ಳೆಯ ಡಬ್ಬಿಯ ತಲೆ ಸಪಾಟಾಗಿರುತ್ತದೆ. ಕಾಯಿಲೆ ಬಿದ್ದದ್ದರ ತಲೆ ಸ್ವಲ್ಪ ಉಬ್ಬಿರುತ್ತದೆ. ಕಣ್ಣಿಗೆ ಗೊತ್ತಾಗದಿದ್ದರೆ ಬೆರಳು ಸವರಿದರೆ ಗೊತ್ತಾಗುತ್ತದೆ. ಇನ್ನೂ ಮುಂದುವರಿದದ್ದರಲ್ಲಿ ಗೆರೆ ಬಿರಿದು, ಕಂದು ಬಣ್ಣದ ಹಕ್ಕಳೆ ಕಟ್ಟಿರುತ್ತದೆ. ಕೆಲವು ಬುಡದ ರಬ್ಬರಿನಿಂದ ಸೋರಿ ಬೋರ್ಡಿನ ಮೇಲೆ ಕಲೆ ಮಾಡಿ ವಾರೆಯಾಗಿ ನಿಂತಿರುತ್ತವೆ.

ಹೀಗೆ ಬೆಳಕಿನಲ್ಲಿ ಇದ್ದ ಸಾಕ್ಷಿಯತ್ತ ಬಹಳ ಜನ ತಿರುಗಿಯೂ ನೋಡದೆ ಇದ್ದದ್ದಕ್ಕೆ ಇನ್ನೊಂದು ಕಾರಣ 2003ರ ಆಗಸ್ಟಿನಲ್ಲಿ ಬಂತು.

ಆಗಸ್ಟ್ 11ರಂದು ಬ್ಲಾಸ್ಟರ್ ಎಂಬ ಹುಳು ಇಂಟರ್ನೆಟ್ಟಿನಲ್ಲಿ ಹರಡಿತು. ಅದು ಒಳನುಗ್ಗಲು ಬಳಸಿದ ವಿಂಡೋಸಿನ ಬಿರುಕನ್ನು ಪೋಲೆಂಡಿನ ಸಂಶೋಧಕರ ಗುಂಪೊಂದು ಕಂಡುಹಿಡಿದು ತಿಳಿಸಿತ್ತು. ಮೈಕ್ರೋಸಾಫ್ಟ್ ಜುಲೈ 16ಕ್ಕೇ ಅದರ ತೇಪೆಯನ್ನು ಬಿಡುಗಡೆ ಮಾಡಿತ್ತು. ತೇಪೆ ಹಾಕಿಕೊಳ್ಳದ ಯಂತ್ರಗಳು ಕೋಟಿಗಟ್ಟಲೆ ಇದ್ದವು. ನೆಟ್ಟಿಗೆ ಕನೆಕ್ಟ್ ಆದರೆ ಸಾಕು, ಏನೂ ಕ್ಲಿಕ್ ಮಾಡಬೇಕಾಗಿಲ್ಲ, ಪರದೆಯ ಮೇಲೆ ಒಂದು ಪೆಟ್ಟಿಗೆ ಮೂಡುತ್ತಿತ್ತು: ಯಂತ್ರ ಇನ್ನು 60 ಸೆಕೆಂಡಿನಲ್ಲಿ ಮುಚ್ಚುತ್ತದೆ, ನಿಮ್ಮ ಕೆಲಸ ಉಳಿಸಿಕೊಳ್ಳಿ. 59, 58, 57. ಪತ್ರ ಟೈಪ್ ಮಾಡುತ್ತಿದ್ದವರು ಕೈಬಿಟ್ಟು ಆ ಅಂಕಿ ಇಳಿಯುವುದನ್ನೇ ನೋಡುತ್ತ ಕೂರುವ ಹಾಗಾಯಿತು. ಗೊತ್ತಿದ್ದವರು ರನ್ ಪೆಟ್ಟಿಗೆಯಲ್ಲಿ ‘ಶಟ್‌ಡೌನ್’ ಎಂದು ಬರೆದು, ಜಾಗ ಬಿಟ್ಟು, ಅಡ್ಡಗೆರೆ ಮತ್ತು ‘ಎ’ ಅಕ್ಷರ ಹೊಡೆದು ಎಣಿಕೆಯನ್ನು ನಿಲ್ಲಿಸುತ್ತಿದ್ದರು.

ಈ ಹುಳುವಿನ ಒಳಗನ್ನು ಬಿಡಿಸಿ ನೋಡಿದವರಿಗೆ ಕಂಡದ್ದು ಕುತೂಹಲದ ಸಂಗತಿ. ರೀಸ್ಟಾರ್ಟ್ ಮಾಡಿಸುವುದು ಅದರ ಉದ್ದೇಶವೇ ಅಲ್ಲ. ದಾಳಿ ಮಾಡುವ ಯಂತ್ರದಲ್ಲಿ ಇರುವುದು ಎಕ್ಸ್‌ಪಿಯೋ ವಿಂಡೋಸ್ 2000ವೋ ಎಂದು ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಎರಡಕ್ಕೂ ನೆನಪಿನೊಳಗಿನ ವಿಳಾಸ ಬೇರೆ ಬೇರೆ. ಹಾಗಾಗಿ 80 ಪಾಲು ಎಕ್ಸ್‌ಪಿ, 20 ಪಾಲು ವಿಂಡೋಸ್ 2000 ಎಂದು ಊಹಿಸಿ ಗುಂಡು ಹೊಡೆಯುತ್ತಿತ್ತು. ಊಹೆ ತಪ್ಪಿದರೆ ಒಳನುಗ್ಗಲು ಆಗುತ್ತಿರಲಿಲ್ಲ, ಆದರೆ ಆರ್‌ಪಿಸಿ ಎಂಬ ಸೇವೆ ಕುಸಿದು ಬೀಳುತ್ತಿತ್ತು. ಆ ಸೇವೆ ಬಿದ್ದರೆ ಯಂತ್ರವನ್ನೇ ರೀಸ್ಟಾರ್ಟ್ ಮಾಡು ಎಂಬುದು ಎಕ್ಸ್‌ಪಿಯಲ್ಲಿ ಬರೆದಿಟ್ಟ ನಿಯಮ. ಹುಳುವಿನ ಎಡವಿಕೆಯೇ ಅದನ್ನು ಹಿಡಿದುಕೊಟ್ಟಿತು.

ಬ್ಲಾಸ್ಟರ್ ಬಂದ ಮೇಲೆ ರೀಸ್ಟಾರ್ಟ್ ಎಂದರೆ ವೈರಸ್ ಎಂಬ ಮಾತು ಎಲ್ಲೆಡೆ ನೆಲೆಯೂರಿತು. ಆಂಟಿವೈರಸ್ ಸಿಡಿಗಳು ಕೈಯಿಂದ ಕೈಗೆ ಓಡಾಡಿದವು. ಎರಡು ಕಾಯಿಲೆಗಳ ನಡುವೆ ಇದ್ದ ವ್ಯತ್ಯಾಸ ಮಾತ್ರ ಸ್ಪಷ್ಟವಾಗಿತ್ತು. ಬ್ಲಾಸ್ಟರ್ 60 ಸೆಕೆಂಡು ಮುಂಚೆ ಹೇಳಿ ಮುಚ್ಚಿಸುತ್ತಿತ್ತು. ಡಬ್ಬಿ ಹೇಳುತ್ತಿರಲಿಲ್ಲ.

ಡಬ್ಬಿ ಮಾಡುವ ಕೆಲಸ ಏನು? ಪ್ರೊಸೆಸರಿಗೆ ಬೇಕಾದದ್ದು ತೀರಾ ಕಡಿಮೆ ವೋಲ್ಟೇಜು, ತೀರಾ ಹೆಚ್ಚು ಕರೆಂಟು. ಆ ಕಾಲದ ಪೆಂಟಿಯಮ್ 4 ಸುಮಾರು 1.5 ವೋಲ್ಟಿನಲ್ಲಿ 40-50 ಆಂಪಿಯರ್ ಎಳೆಯುತ್ತಿತ್ತು. ಎಸ್‌ಎಂಪಿಎಸ್ ಕೊಡುವ 12 ವೋಲ್ಟನ್ನು ಬೋರ್ಡಿನ ಮೇಲಿನ ಸರ್ಕೀಟು ಸೆಕೆಂಡಿಗೆ ಲಕ್ಷಾಂತರ ಸಲ ಆನ್-ಆಫ್ ಮಾಡಿ ತುಂಡುತುಂಡಾಗಿ ಕತ್ತರಿಸಿ ಇಳಿಸುತ್ತದೆ. ಹಾಗೆ ಬಿಟ್ಟು ಬಿಟ್ಟು ಬರುವ ಕರೆಂಟನ್ನು ಒಟ್ಟುಮಾಡಿಕೊಂಡು ಒಂದೇ ಸಮನೆ ಕೊಡುವುದು ಕೆಪಾಸಿಟರು. ಕಾರ್ಪೊರೇಷನ್ ನೀರು ಬಂದಾಗ ಬರಲಿ, ಮನೆಯ ನಲ್ಲಿಯಲ್ಲಿ ಧಾರೆ ಕಡಿಯದಂತೆ ಮೇಲಿನ ಟ್ಯಾಂಕು ನೋಡಿಕೊಳ್ಳುವುದಿಲ್ಲವೇ, ಹಾಗೆ. ಟ್ಯಾಂಕಿನ ತುಂಬ ಹೂಳು ತುಂಬಿ, ಪೈಪೂ ಕಟ್ಟಿಕೊಂಡರೆ, ಒಂದು ನಲ್ಲಿ ತೆರೆದಾಗ ಏನೂ ಗೊತ್ತಾಗುವುದಿಲ್ಲ. ನಾಲ್ಕು ನಲ್ಲಿ ಒಟ್ಟಿಗೆ ತೆರೆದಾಗ ಧಾರೆ ತಟ್ಟನೆ ಸಣ್ಣದಾಗುತ್ತದೆ. ಕೆಟ್ಟ ಕೆಪಾಸಿಟರಿನ ಯಂತ್ರ ಸುಮ್ಮನಿದ್ದಾಗ ಚೆನ್ನಾಗಿದ್ದು, ಆಟ ಆಡುವಾಗಲೋ ಸಿನಿಮಾ ಹಾಕಿದಾಗಲೋ ಬೀಳುವುದು ಇದೇ ಕಾರಣಕ್ಕೆ. ವೋಲ್ಟೇಜು ಒಂದು ಸೆಕೆಂಡಿನ ಸಾವಿರದ ಒಂದು ಪಾಲು ಹೊತ್ತು ಕುಸಿದರೂ ಸಾಕು, ಪ್ರೊಸೆಸರಿನ ಲೆಕ್ಕ ತಪ್ಪುತ್ತದೆ. ಅಂಗಡಿಯಲ್ಲಿ ಖಾಲಿ ಡೆಸ್ಕ್‌ಟಾಪ್ ತೋರಿಸುತ್ತ ದಿನವಿಡೀ ನಿಂತ ಯಂತ್ರ ಬೀಳದಿರುವುದರಲ್ಲಿ ಆಶ್ಚರ್ಯವಿಲ್ಲ.

ಮಲ್ಟಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ಅದು ಸರಾಸರಿಯನ್ನು ತೋರಿಸುವ ಉಪಕರಣ. ಒಳಗೆ ಅಲೆ ಎದ್ದು ಬೀಳುತ್ತಿದ್ದರೂ ಅದರ ಪರದೆಯಲ್ಲಿ ಅಂಕಿ ನೆಟ್ಟಗೆ ನಿಂತಿರುತ್ತದೆ. ಆ ಅಲೆಯನ್ನು ಕಾಣಲು ಆಸಿಲೋಸ್ಕೋಪ್ ಬೇಕು. ಅದು ರಿಪೇರಿ ಅಂಗಡಿಗಳಲ್ಲಿ ಎಲ್ಲಿಂದ ಬರಬೇಕು!

ಇನ್ನು ಉಳಿದ ಪ್ರಶ್ನೆ, ಡಬ್ಬಿ ಉಬ್ಬಿದ್ದು ಯಾಕೆ ಎಂಬುದು. ಒಳಗಿರುವುದು ಎರಡು ಅಲ್ಯೂಮಿನಿಯಂ ಹಾಳೆಗಳು, ನಡುವೆ ದ್ರವದಲ್ಲಿ ತೋಯಿಸಿದ ಕಾಗದ, ಎಲ್ಲವನ್ನೂ ಸುರುಳಿ ಸುತ್ತಿ ತುರುಕಿರುತ್ತಾರೆ. ಒಂದು ಹಾಳೆಯ ಮೇಲೆ ತೆಳುವಾದ ಆಕ್ಸೈಡ್ ಪದರ. ಇಡೀ ಕೆಪಾಸಿಟರಿನ ಪ್ರಾಣ ಆ ಪದರದಲ್ಲಿದೆ. 1990ರ ದಶಕದಲ್ಲಿ ಪ್ರೊಸೆಸರುಗಳ ಹಸಿವು ಹೆಚ್ಚುತ್ತ ಹೋದಾಗ, ಕರೆಂಟನ್ನು ಬೇಗ ಬಿಟ್ಟುಕೊಡುವ, ಒಳಗಿನ ತಡೆ ಕಡಿಮೆಯಿರುವ ಅಗ್ಗದ ಕೆಪಾಸಿಟರುಗಳು ಬೇಕಾದವು. ಜಪಾನಿನ ತಯಾರಕರು ದ್ರವದಲ್ಲಿ ನೀರಿನ ಪಾಲನ್ನು ಬಹಳಷ್ಟು ಹೆಚ್ಚಿಸಿ ಅದನ್ನು ಸಾಧಿಸಿದರು. ಕೆಲವು ಮಿಶ್ರಣಗಳಲ್ಲಿ ನೀರೇ ನೂರಕ್ಕೆ 70 ಪಾಲಿನವರೆಗೆ ಇತ್ತು. ನೀರು ಅಗ್ಗ, ವಿದ್ಯುತ್ತಿಗೆ ದಾರಿಯೂ ಸುಲಭ. ಆದರೆ ಅಲ್ಯೂಮಿನಿಯಂಗೆ ನೀರು ಶತ್ರು. ನೀರಿನ ಜೊತೆ ಸೇರಿದರೆ ಅದು ಹೈಡ್ರಾಕ್ಸೈಡ್ ಆಗಿ ಕರಗುತ್ತ, ಹೈಡ್ರೋಜನ್ ಅನಿಲವನ್ನು ಬಿಡುತ್ತದೆ. ಹಾಗಾಗದಂತೆ ತಡೆಯುವ ಸಾಮಗ್ರಿಗಳನ್ನು ಆ ದ್ರವಕ್ಕೆ ಬಹಳ ಎಚ್ಚರದಿಂದ ಬೆರೆಸಬೇಕು. ನೀರು ಹಾಕುವುದು ಯಾರಿಗೂ ಬರುತ್ತದೆ. ತಡೆಯುವ ಸಾಮಗ್ರಿ ಯಾವುದು, ಎಷ್ಟು ಎಂಬುದೇ ವಿದ್ಯೆ.

2004ರಲ್ಲಿ ಕ್ರೇಗ್ ಹಿಲ್‌ಮನ್ ಮತ್ತು ನಾರ್ಮನ್ ಹೆಲ್ಮೋಲ್ಡ್ ಎಂಬ ಅಮೆರಿಕದ ಇಬ್ಬರು ಪರಿಣತರು ಕೆಟ್ಟ ಡಬ್ಬಿಗಳ ದ್ರವವನ್ನು ತೆಗೆದು, ಅಯಾನ್ ಕ್ರೊಮಟೋಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೋಮೆಟ್ರಿ ವಿಧಾನಗಳಿಂದ ಅದರಲ್ಲಿ ಏನೇನಿದೆ ಎಂದು ಪರೀಕ್ಷಿಸಿದರು. ಉಬ್ಬಿದ ಡಬ್ಬಿಗಳೊಳಗೆ ಹೈಡ್ರೋಜನ್ ಸಿಕ್ಕಿತು. ಅಂದರೆ ಒಳಗೆ ನೀರು ಅಲ್ಯೂಮಿನಿಯಮ್ಮನ್ನು ತಿನ್ನುತ್ತಿತ್ತು, ಅದರಿಂದ ಎದ್ದ ಅನಿಲ ತಲೆಯನ್ನು ಮೇಲಕ್ಕೆ ನೂಕುತ್ತಿತ್ತು. ಇರಬೇಕಾದ ಘಟಕಗಳು ದ್ರವದಲ್ಲಿ ಇರಲಿಲ್ಲ, ಇಲ್ಲವೇ ಸಾಕಷ್ಟು ಇರಲಿಲ್ಲ. ರೀಸ್ಟಾರ್ಟ್‌ನಿಂದ ಹೊರಟ ಹುಡುಕಾಟ ಹೈಡ್ರೋಜನ್‌ವರೆಗೆ ಬಂದು ತಲುಪಿದ್ದು ಹೀಗೆ.

ಆ ಘಟಕಗಳು ಯಾಕೆ ಇರಲಿಲ್ಲ ಎಂಬುದಕ್ಕೆ ರೋಚಕವಾದ ಕತೆಯೊಂದು 2002ರ ವರದಿಯಲ್ಲೇ ಇತ್ತು. ಜಪಾನಿನ ಕಂಪನಿಯೊಂದರ ವಿಜ್ಞಾನಿ ಚೀನಾದ ಕಂಪನಿಗೆ ಹೋಗಿ ದ್ರವದ ಸೂತ್ರವನ್ನು ಅಲ್ಲಿ ಮತ್ತೆ ತಯಾರಿಸಿದ, ಅವನ ಕೈಕೆಳಗಿನವರು ಅದನ್ನು ಕದ್ದು ತೈವಾನಿಗೆ ಒಯ್ದರು, ಒಯ್ಯುವಾಗ ಅರ್ಧ ಸೂತ್ರ ಬಿಟ್ಟುಹೋಯಿತು ಎಂಬುದು ಅದರ ತಿರುಳು. ಎಲ್ಲರೂ ಇದನ್ನು ಬಾಯಿಂದ ಬಾಯಿಗೆ ದಾಟಿಸಿದರು. ಕಳ್ಳತನದ ಆರೋಪ ಯಾವ ಕೋರ್ಟಿನಲ್ಲೂ ರುಜುವಾತಾಗಲಿಲ್ಲ. ನನಗೆ ಈ ಕತೆಯ ಮೇಲೆ ಪೂರ್ತಿ ಭರವಸೆ ಇಲ್ಲದಿರಲು ಇನ್ನೊಂದು ಕಾರಣವಿದೆ. ಮುಂದೆ ಡೆಲ್ ಕಂಪನಿಯ ಆಪ್ಟಿಪ್ಲೆಕ್ಸ್ ಯಂತ್ರಗಳಲ್ಲಿ ಕೆಟ್ಟದ್ದು ತೈವಾನಿನ ಡಬ್ಬಿಗಳಲ್ಲ, ಜಪಾನಿನ ಹೆಸರಾಂತ ನಿಚಿಕಾನ್ ಕಂಪನಿಯವು. ಕದ್ದ ಸೂತ್ರದ ಕತೆ ಅವುಗಳಿಗೆ ಹೊಂದುವುದೇ ಇಲ್ಲ.

ಡೆಲ್‌ನದು ಬೇರೆಯೇ ಅಧ್ಯಾಯ. 2003ರ ಮೇ ತಿಂಗಳಿಂದ 2005ರ ಜುಲೈವರೆಗೆ ಆ ಕಂಪನಿ 1.18 ಕೋಟಿಯಷ್ಟು ಆಪ್ಟಿಪ್ಲೆಕ್ಸ್ ಯಂತ್ರಗಳನ್ನು ಕಳಿಸಿತ್ತು. 2005ರಲ್ಲಿ ಕೆಟ್ಟ ಬಿಡಿಭಾಗಗಳ ರಿಪೇರಿಗೆಂದು 30 ಕೋಟಿ ಡಾಲರಿನಷ್ಟು ಮೊತ್ತವನ್ನು ಲೆಕ್ಕದಲ್ಲಿ ತೋರಿಸಿತು. ಅಡ್ವಾನ್ಸ್ಡ್ ಇಂಟರ್ನೆಟ್ ಟೆಕ್ನಾಲಜೀಸ್ ಎಂಬ ಗಿರಾಕಿ ಕಂಪನಿ 2007ರಲ್ಲಿ ಕೇಸು ಹಾಕಿತು. ಆ ಕೇಸಿನಿಂದ ಹೊರಬಂದ ಕಾಗದಗಳನ್ನು ಆಧರಿಸಿ 2010ರ ಜೂನ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಬರೆದ ವರದಿಯಲ್ಲಿ ಎರಡು ಸಂಗತಿಗಳು ನನ್ನನ್ನು ಕಾಡಿದವು. ಕೆಟ್ಟ ಕೆಪಾಸಿಟರುಗಳಿರುವ ಯಂತ್ರಗಳಲ್ಲಿ ಮೂರು ವರ್ಷದೊಳಗೆ ನೂರಕ್ಕೆ 97ರವರೆಗೂ ತೊಂದರೆ ಬರಬಹುದು ಎಂಬ ಅಂದಾಜು ಕಂಪನಿಯ ಕೈಯಲ್ಲೇ ಇತ್ತು. ಟೆಕ್ಸಸ್ ವಿಶ್ವವಿದ್ಯಾಲಯದ ಗಣಿತ ವಿಭಾಗ ತನ್ನ ಯಂತ್ರಗಳು ಕೆಡುತ್ತಿವೆ ಎಂದು ದೂರಿದಾಗ ಮಾತ್ರ, ನೀವು ಅವುಗಳಿಂದ ತೀರಾ ಕಠಿಣ ಲೆಕ್ಕಗಳನ್ನು ಮಾಡಿಸಿ ದಣಿಸಿದ್ದೀರಿ ಎಂಬ ಉತ್ತರ ಹೋಗಿತ್ತು. ಯಂತ್ರ ಕೆಟ್ಟಾಗ ಬಳಸಿದವರನ್ನೇ ದೂರುವುದು ಎಷ್ಟು ಅನ್ಯಾಯ ಎಂಬುದಕ್ಕೆ ನಾನು ಇದಕ್ಕಿಂತ ಸ್ಪಷ್ಟ ಉದಾಹರಣೆಯನ್ನು ನೋಡಿಲ್ಲ. ಡೆಲ್ ಯಂತ್ರಗಳು ಕೆಡುತ್ತಿದ್ದ ಕಾಲದಲ್ಲೇ ಆಪಲ್ ತನ್ನ ಐಮ್ಯಾಕ್ ಜಿ5 ಯಂತ್ರಗಳ ವಿಡಿಯೊ ಮತ್ತು ಪವರ್ ತೊಂದರೆಗೆ ವಾರಂಟಿ ಮುಗಿದ ಮೇಲೂ ಬಿಟ್ಟಿ ರಿಪೇರಿ ಮಾಡಿಕೊಡುವ ಏರ್ಪಾಡು ಮಾಡಿತ್ತು.

ನಮ್ಮಲ್ಲಿ ಇದು ಕೋರ್ಟಿನವರೆಗೆ ಹೋಗಲಿಲ್ಲ, ಬೆಸುಗೆಯಲ್ಲಿ ಮುಗಿಯಿತು. ಕಾರಣ ತಿಳಿದ ಮೇಲೆ ರಿಪೇರಿಯವರಲ್ಲಿ ಒಂದು ಹೊಸ ಕಸುಬು ಬೆಳೆಯಿತು. “ಬೋರ್ಡ್ ಹೋಗಿದೆ” ಎನ್ನುತ್ತಿದ್ದವರು “ಕೆಪಾಸಿಟರ್ ಉಬ್ಬಿದೆ, ಬದಲಾಯಿಸಿ ಕೊಡ್ತೀನಿ” ಎನ್ನತೊಡಗಿದರು. ಹೇಳಲು ಸುಲಭ. ಕೈಕೆಲಸ ನೋಡಿದವರಿಗೆ ಅದರ ನಾಜೂಕು ಗೊತ್ತು. ಮದರ್‌ಬೋರ್ಡ್ ಹಲವು ಪದರಗಳದ್ದು. ಒಳಗಿನ ತಾಮ್ರದ ಹಾಳೆ ಬಿಸಿಯನ್ನೆಲ್ಲ ಹೀರಿಕೊಳ್ಳುವುದರಿಂದ ರೇಡಿಯೊ ರಿಪೇರಿಗೆ ಬಳಸುವ 25 ವ್ಯಾಟಿನ ಸೋಲ್ಡರಿಂಗ್ ಐರನ್ ಇಟ್ಟರೆ ಸೀಸ ಕರಗುವುದೇ ಇಲ್ಲ. ಹೆಚ್ಚು ಬಿಸಿ ಕೊಟ್ಟು ಎಳೆದರೆ ತೂತಿನೊಳಗಿನ ತಾಮ್ರದ ಲೇಪವೇ ಕಿತ್ತು ಬಂದು ಬೋರ್ಡ್ ನಿಜವಾಗಿಯೂ ಹೋಗುತ್ತದೆ. ಬಲ್ಲವರು ಹಳೆಯ ಬೆಸುಗೆಗೆ ಸ್ವಲ್ಪ ಹೊಸ ಸೀಸ ಸೇರಿಸಿ ಮೆತ್ತಗೆ ಮಾಡಿ, ಡಬ್ಬಿಯನ್ನು ಆ ಕಡೆ ಒಮ್ಮೆ ಈ ಕಡೆ ಒಮ್ಮೆ ವಾಲಿಸುತ್ತ ಒಂದೊಂದೇ ಕಾಲು ಬಿಡಿಸುತ್ತಾರೆ. ತೂತು ಮುಚ್ಚಿಕೊಂಡಿದ್ದರೆ ಸೂಜಿಯಿಂದ ತೆರೆಯುತ್ತಾರೆ. ಮೈನಸ್ ಯಾವ ಕಡೆಗಿತ್ತು ಎಂದು ಕೀಳುವ ಮೊದಲೇ ಗುರುತು ಹಾಕಿಕೊಳ್ಳಬೇಕು, ಬೋರ್ಡಿನ ಮೇಲೆ ಅಚ್ಚಾದ ಗುರುತು ಎಲ್ಲ ಕಂಪನಿಗಳದ್ದೂ ಒಂದೇ ರೀತಿ ಇರುವುದಿಲ್ಲ. ತಿರುಗುಮುರುಗಾದರೆ ಹೊಸ ಡಬ್ಬಿಯೇ ಸಿಡಿಯುತ್ತದೆ. ಹಾಕುವ ಡಬ್ಬಿ 105 ಡಿಗ್ರಿಯದು, ಒಳತಡೆ ಕಡಿಮೆಯಿರುವ ಜಾತಿಯದು ಆಗಿರಬೇಕು. ಟಿ.ವಿ. ರಿಪೇರಿಗೆ ತಂದಿಟ್ಟ ಸಾಮಾನ್ಯ ಡಬ್ಬಿಯನ್ನು ಅದೇ ಅಳತೆ ಎಂದು ಹಾಕಿದರೆ ಯಂತ್ರ ಕೆಲ ದಿನ ಓಡಿ ಮತ್ತೆ ಹಳೆಯ ಚಾಳಿಗೆ ಬೀಳುತ್ತದೆ.

ಆ 105 ಡಿಗ್ರಿಯ ಹಿಂದೆ ಒಂದು ಲೆಕ್ಕವಿದೆ. ಡಬ್ಬಿಯ ಆಯಸ್ಸನ್ನು ಆ ಬಿಸಿಯಲ್ಲಿ 2000 ಗಂಟೆ ಎಂದು ಬರೆದಿದ್ದರೆ, ಬಿಸಿ 10 ಡಿಗ್ರಿ ಇಳಿದಂತೆಲ್ಲ ಆಯಸ್ಸು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. 65 ಡಿಗ್ರಿಯಲ್ಲಿ ಅದು 32,000 ಗಂಟೆ. ದಿನಕ್ಕೆ 8 ಗಂಟೆ ಓಡಿಸಿದರೆ ಹತ್ತಿರ ಹತ್ತಿರ 11 ವರ್ಷ. ಕೆಟ್ಟ ದ್ರವದ ಡಬ್ಬಿಗಳು ಒಂದೆರಡು ವರ್ಷದಲ್ಲೇ ಉಬ್ಬಿದ್ದು ಎಷ್ಟು ಅಕಾಲಿಕ ಎಂದು ಈ ಲೆಕ್ಕದಿಂದ ತಿಳಿಯುತ್ತದೆ. ಒಳ್ಳೆಯ ಡಬ್ಬಿಗಳಿಗೂ ಕ್ಯಾಬಿನೆಟ್ಟಿನ ಧೂಳು, ನಿಂತ ಫ್ಯಾನು, ಗೋಡೆಗೆ ಒತ್ತಿ ಇಟ್ಟ ಟೇಬಲ್ಲು ಎಷ್ಟು ಕೆಟ್ಟವು ಎಂಬುದೂ ತಿಳಿಯುತ್ತದೆ.

ಆಮೇಲೆ ಬೋರ್ಡ್ ತಯಾರಕರು ಪ್ರೊಸೆಸರಿನ ಸುತ್ತ ದ್ರವವೇ ಇಲ್ಲದ ಪಾಲಿಮರ್ ಕೆಪಾಸಿಟರುಗಳನ್ನು ಹಾಕತೊಡಗಿದರು. ಇವುಗಳ ಮೈಗೆ ಪ್ಲಾಸ್ಟಿಕ್ ಹೊದಿಕೆ ಇರುವುದಿಲ್ಲ, ಸಾಮಾನ್ಯವಾಗಿ ತಲೆಯ ಮೇಲೆ ಗೆರೆಯೂ ಇರುವುದಿಲ್ಲ. ಈಗಿನ ಬೋರ್ಡುಗಳಲ್ಲಿ ಉಬ್ಬಿದ ತಲೆ ಅಪರೂಪ. ಎಸ್‌ಎಂಪಿಎಸ್ ಒಳಗೆ ಮಾತ್ರ ಇಂದಿಗೂ ದ್ರವದ ಡಬ್ಬಿಗಳೇ ಹೆಚ್ಚು. ಈಗಲೂ ಯಂತ್ರ ಹೇಳದೆ ಕೇಳದೆ ರೀಸ್ಟಾರ್ಟ್ ಆಗುತ್ತಿದ್ದು, ನೀಲಿ ಪರದೆಯೂ ಬರದಿದ್ದು, ರ‍್ಯಾಮ್, ಫ್ಯಾನು, ಬೋರ್ಡು ಎಲ್ಲ ಸರಿ ಇದ್ದರೆ, ಬೇರೊಂದು ಎಸ್‌ಎಂಪಿಎಸ್ ತಂದು ಹಾಕಿ ನೋಡುವುದು ಲೇಸು. ಅದರ ಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚುವುದು ಬೇಡ. 230 ವೋಲ್ಟಿನ ಕರೆಂಟನ್ನು ನೇರ ಮಾಡಿ ತುಂಬಿಕೊಳ್ಳುವ ದೊಡ್ಡ ಡಬ್ಬಿ ಅದರೊಳಗಿದೆ. ಪ್ಲಗ್ ಕಿತ್ತ ಮೇಲೂ ಅದು 300ಕ್ಕಿಂತ ಹೆಚ್ಚು ವೋಲ್ಟನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡಿರುತ್ತದೆ.